ನೇರಳೆ ಹರಳಿನ ಶೀಶೆ

ಚಾರಣದ ಚೀಲದಲ್ಲಿ ಹೆಬ್ಬೆರಳಿನಷ್ಟು ಶೀಶೆಯೊಂದು ಸದಾ ನನ್ನ ಜೊತೆಗಿರುತ್ತದೆ. ಒಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್. ಪಿಯುಸಿ ಪ್ರಯೋಗಾಲಯದಲ್ಲಿ ಟೈಟ್ರೇಶನ್ ಮಾಡಿದವರಿಗೆ ಹಳೇ ಪರಿಚಯ.

ಮಗ್ಗಿನ ನೀರಿಗೆ ಒಂದು ಹರಳು ಹಾಕಿ ನೋಡಬೇಕು: ನೇರಳೆ ಎಳೆಯೊಂದು ಹೊಗೆಯಂತೆ ಸುರುಳಿ ಸುತ್ತುತ್ತಾ ತಳಕ್ಕಿಳಿಯುತ್ತದೆ, ಕಲಕಿದರೆ ನೀರೆಲ್ಲ ಗುಲಾಬಿ. ಕೀವು ಸೋರುವ ಹುಣ್ಣು, ಒಡೆದ ಬೊಬ್ಬೆಗೆ ಈ ತಿಳಿಬಣ್ಣದ ನೀರು ಇಂದಿಗೂ ಮದ್ದು. ಅಳತೆ ಹತ್ತು ಸಾವಿರಕ್ಕೆ ಒಂದು, ಅಂದರೆ ಲೀಟರಿಗೆ 0.1 ಗ್ರಾಂ. ಕರಗದ ಹರಳು ತಾಗಿದರೆ ಚರ್ಮ ಸುಡುತ್ತದೆ. ಹೊಟ್ಟೆಗೆ ಹೋದರಂತೂ ವಿಷ. ಗಾಯ ತೊಳೆದ ಕೈಯ ಉಗುರು ವಾರಗಟ್ಟಲೆ ಕಂದಾಗಿರುತ್ತದೆ. ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ.

ಈ ಹರಳಿನ ಮೇಲೆ ಗ್ಲಿಸರಿನ್ ಬಿದ್ದರೆ ಕೆಲವೇ ಕ್ಷಣದಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ಒದ್ದೆ ಕಾಡಿನಲ್ಲಿ ಬೆಂಕಿಗೆ ಇದು ಉಪಾಯ, ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಅಪಾಯ.

ಔಷಧವಾಗಿ ಈ ಹರಳಿನ ಮೇಲೆ ಅತಿನಂಬಿಕೆಯೂ ಇತ್ತು. ಲಾಡರ್ ಬ್ರಂಟನ್ ಎಂಬ ವೈದ್ಯ ಇಪ್ಪತ್ತನೇ ಶತಮಾನದ ಆರಂಭದಲ್ಲಿ, ತುದಿಯಲ್ಲಿ ಚೂಪು ಅಲಗು, ಹಿಡಿಯಲ್ಲಿ ಈ ಹರಳು ತುಂಬಿದ ಪುಟ್ಟ ಸಾಧನವನ್ನು ಹಾವು ಕಡಿತಕ್ಕೆಂದು ರೂಪಿಸಿದ. ಕಚ್ಚಿದ ಜಾಗ ಕೊಯ್ದು ಹರಳು ತಿಕ್ಕುವುದು! ವಿಷ ಇಳಿಯಲಿಲ್ಲ, ಗಾಯ ಮಾತ್ರ ದೊಡ್ಡದಾಯಿತು.

ಹಾವು ಕಚ್ಚಿದರೆ ಈ ಶೀಶೆ ಮುಟ್ಟಬೇಡಿ. ಕೈಕಾಲು ಅಲುಗಾಡಿಸದೆ, ವಿಷನಿರೋಧಕ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಹೊರಡಿ.