‘ನಾಗರಹಾವು’ ಚಿತ್ರದ ಉಪಪಾತ್ರಗಳು: ಪ್ರತ್ಯೇಕ ಕಥೆಗೆ ಅಧಿಕಾರಿ ಯಾರು?

ಮುಖ್ಯಕಥೆಯ ಬದಿಯಲ್ಲಿ ನಿಂತಿದ್ದ ಪಾತ್ರವೊಂದನ್ನು ಎತ್ತಿ ತಂದು, ಅದಕ್ಕಾಗಿಯೇ ಬೇರೊಂದು ಕೃತಿಯನ್ನು ಕಟ್ಟುವ ಪದ್ಧತಿಯು ಕಿರುತೆರೆಯ ಈ ಕಾಲದಲ್ಲಿ ಬಹಳ ಪ್ರಚಾರಕ್ಕೆ ಬಂದಿದೆ. ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ ಎಂಬ ಅಪರಾಧ ಧಾರಾವಾಹಿಯು 2008ರಿಂದ 2013ರವರೆಗೆ ನಡೆದು ಮುಗಿಯಿತು. ಅದರಲ್ಲಿ ಅಪರಾಧಿಗಳಿಗೆ ಕಾನೂನಿನ ಸಂದುಗೊಂದುಗಳನ್ನು ತೋರಿಸಿಕೊಡುತ್ತ ನೋಡುವವರನ್ನು ನಗಿಸುತ್ತಿದ್ದ ಸಾಲ್ ಗುಡ್‌ಮನ್ ಎಂಬ ವಕೀಲನಿಗೆ 2015ರಲ್ಲಿ ‘ಬೆಟರ್ ಕಾಲ್ ಸಾಲ್’ ಎಂಬ ಸ್ವಂತ ಧಾರಾವಾಹಿ ಹುಟ್ಟಿ, 2022ರವರೆಗೂ ಬೆಳೆಯಿತು. ಹೀಗಿರುವಲ್ಲಿ, ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ನಡೆದ ‘ನಾಗರಹಾವಿ’ನ ಜಲೀಲನಿಗೋ ಚಾಮಯ್ಯ ಮೇಷ್ಟ್ರಿಗೋ ಅಂಥದೊಂದು ಕೃತಿ ಏಕಾಗಬಾರದು ಎಂದು ದುರ್ಗದ ಸೀಮೆಯವರು ಕೇಳಿದರೆ ಅದು ಅಸಂಗತವೇನೂ ಅಲ್ಲ.

ಈ ಅಪೇಕ್ಷೆಯು ನೂತನವಾದದ್ದೆಂದು ಭಾವಿಸತಕ್ಕದ್ದಿಲ್ಲ. ಭಾರತಕಥೆಯಲ್ಲಿ ಪ್ರತಿನಾಯಕನಾದ ದುರ್ಯೋಧನನ ಕೊನೆಯ ಗಳಿಗೆಯನ್ನು ‘ಊರುಭಂಗ’ದಲ್ಲಿಯೂ, ಕರ್ಣನ ದಾನವನ್ನು ‘ಕರ್ಣಭಾರ’ದಲ್ಲಿಯೂ ಪ್ರತ್ಯೇಕವಾಗಿ ಎತ್ತಿಕೊಂಡವನು ಭಾಸ. ಕನ್ನಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ 1929ರಲ್ಲಿ ಬಂದಿತು. ಏಕಲವ್ಯನನ್ನು ಕುರಿತ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ 1947ರಲ್ಲಿ. ಹಾಗಾದರೆ ಎಲ್ಲ ಉಪಪಾತ್ರಗಳಿಗೂ ಈ ಭಾಗ್ಯ ಸಲ್ಲುತ್ತದೆಯೇ? ಪ್ರೇಕ್ಷಕರ ಚಪ್ಪಾಳೆಯೊಂದೇ ಪ್ರಮಾಣವಾದರೆ ಸಲ್ಲಬಹುದು. ಆದರೆ ಆಲಂಕಾರಿಕರು ಇದಕ್ಕಿಂತ ಗಟ್ಟಿಯಾದ ಒಂದು ಒರೆಗಲ್ಲನ್ನು ಕೊಟ್ಟುಹೋಗಿದ್ದಾರೆ.

ದಶರೂಪಕಕಾರನು ಕಥಾವಸ್ತುವನ್ನು ಆಧಿಕಾರಿಕವೆಂದೂ ಪ್ರಾಸಂಗಿಕವೆಂದೂ ಎರಡಾಗಿ ವಿಂಗಡಿಸುತ್ತಾನೆ. ಫಲದ ಒಡೆತನವೇ ಅಧಿಕಾರ. ಅದು ಯಾರದೋ ಅವನೇ ಅಧಿಕಾರಿ. ಪ್ರಾಸಂಗಿಕವು ಮತ್ತೆ ಎರಡು ವಿಧ. ಸುಗ್ರೀವನ ವೃತ್ತಾಂತದಂತೆ ಮುಖ್ಯಕಥೆಯೊಡನೆ ದೂರದವರೆಗೆ ಸಾಗುವುದು ಪತಾಕೆ; ಒಂದೆಡೆಯಲ್ಲಿ ತೋರಿ ಮರೆಯಾಗುವುದು ಪ್ರಕರಿ. ಇವುಗಳ ನಾಯಕರಿಗೆ ಪ್ರಧಾನಫಲಕ್ಕಿಂತ ಬೇರೆಯಾದ ಸ್ವಂತ ಫಲವಿರಬಾರದೆಂದು ಸಾಹಿತ್ಯದರ್ಪಣದ ವಿಶ್ವನಾಥನು ಹೇಳುತ್ತಾನೆ. ಈ ಮಾತನ್ನು ತಿರುಗಿಸಿ ನೋಡಿದರೆ ಪ್ರಸ್ತುತ ಪ್ರಶ್ನೆಗೆ ಬೇಕಾದ ಸೂತ್ರವು ದೊರಕುತ್ತದೆ: ಯಾವ ಉಪಪಾತ್ರದ ಪಾಲಿನ ಫಲವನ್ನು ಮುಖ್ಯಕಥೆಯು ತನಗಾಗಿ ಬಳಸಿಕೊಂಡು, ಅದಕ್ಕೆ ಲೆಕ್ಕವನ್ನು ಒಪ್ಪಿಸದೆ ಹೋಗಿದೆಯೋ, ಆ ಪಾತ್ರಕ್ಕೆ ಮಾತ್ರ ಪ್ರತ್ಯೇಕ ಕೃತಿಯನ್ನು ಕೇಳುವ ಹಕ್ಕಿದೆ.

‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ಸುಮಾರು ಮೂರು ಗಂಟೆಗಳ ಒಂದೇ ಚಿತ್ರಕ್ಕೆ ಇಳಿಸಿದರು. ನಾಗರಹಾವು ಕೇರೆಹಾವಾಯಿತೆಂದು ಕಾದಂಬರಿಕಾರರು ಅಸಮಾಧಾನಪಟ್ಟರೆಂಬ ಪ್ರತೀತಿ ಇದೆ. ಅದು ಹೇಗೇ ಇರಲಿ, ಜನರ ಮನಸ್ಸಿನಲ್ಲಿ ನಿಂತದ್ದು ಚಿತ್ರವೇ ಆದ್ದರಿಂದ ಇಲ್ಲಿಯ ವಿಚಾರವೂ ಚಿತ್ರಕ್ಕೇ ಸೀಮಿತವಾದದ್ದು.

ಮೊದಲು ಜಲೀಲ. ಅಂಬರೀಷರ ಮೊದಲ ಪಾತ್ರ. ತೆರೆಯ ಮೇಲೆ ಇರುವ ಹೊತ್ತು ಸ್ವಲ್ಪ, ಪಡೆದ ಪ್ರಸಿದ್ಧಿ ಅಪಾರ. ಸಿಗರೇಟನ್ನು ಎಸೆದು ಬಾಯಲ್ಲಿ ಹಿಡಿಯುವ ಆ ಭಂಗಿಯನ್ನು ಅನುಕರಿಸದ ಹುಡುಗರು ಹಿರಿಯೂರು ಹೊಸದುರ್ಗಗಳಲ್ಲಿ ಆ ಕಾಲಕ್ಕೆ ಎಷ್ಟು ಮಂದಿ ಇದ್ದಾರು? ಆದರೂ ಇವನು ಶುದ್ಧವಾದ ಪ್ರಕರಿ. ಅಲಮೇಲುವನ್ನು ಕಾಡುತ್ತಾನೆ, ರಾಮಾಚಾರಿಯ ಕೈಯಲ್ಲಿ ಪೆಟ್ಟು ತಿನ್ನುತ್ತಾನೆ, ಅಲ್ಲಿಗೆ ಲೆಕ್ಕ ತೀರಿತು. ಇವನ ಸೊಗಸೆಲ್ಲವೂ ಮಿತಿಯಲ್ಲಿದೆ. ಒಗ್ಗರಣೆಯ ಸಾಸಿವೆಯನ್ನು ಯಾರೂ ಬಟ್ಟಲಲ್ಲಿ ತುಂಬಿ ಉಣ್ಣುವುದಿಲ್ಲ.

ಜಯಂತಿಯವರು ಅಭಿನಯಿಸಿದ ಓಬವ್ವನ ವಿಷಯ ಬೇರೆ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಒನಕೆ ಹಿಡಿದು ಕಿಂಡಿಯನ್ನು ಕಾದ ಆಕೆ ಚಿತ್ರಕ್ಕೂ ಮೊದಲೇ ಜನರ ಬಾಯಲ್ಲಿ ಬದುಕಿದ್ದವಳು. ಚಿತ್ರವು ಒಂದು ಹಾಡಿನ ಮಟ್ಟಿಗೆ ಅವಳನ್ನು ಎರವಲು ಪಡೆಯಿತು. ಮದಕರಿನಾಯಕನ ಇತಿಹಾಸದೊಳಗೆ ಸೇರಿದವಳನ್ನು ರಾಮಾಚಾರಿಯ ಕಥೆಯ ಶಾಖೆಯೆಂದು ಎಣಿಸುವುದೇ ಸರಿಯಲ್ಲ.

ಚಾಮಯ್ಯ ಮೇಷ್ಟ್ರು ಈ ವಾದದಲ್ಲಿ ಅತ್ಯಂತ ಕಠಿನವಾದ ಭಾಗ. ಕೆ. ಎಸ್. ಅಶ್ವಥ್ ಅವರ ಆ ಮುಖ, ಲೀಲಾವತಿಯವರ ತುಂಗಮ್ಮ, ಮಕ್ಕಳಿಲ್ಲದ ಆ ಮನೆಯಲ್ಲಿ ರಾಮಾಚಾರಿಗೆ ಸಿಕ್ಕುವ ವಾತ್ಸಲ್ಯ—ಇವನ್ನು ಕಂಡು ಕಣ್ಣು ಒದ್ದೆಮಾಡಿಕೊಳ್ಳದ ಉಪಾಧ್ಯಾಯ ಈ ಜಿಲ್ಲೆಯಲ್ಲಿ ದುರ್ಲಭ. ಊರೆಲ್ಲ ದೂರಿದ ಹುಡುಗನಲ್ಲಿ ಒಳ್ಳೆಯದನ್ನು ಕಾಣುವವರು ಮೇಷ್ಟ್ರೊಬ್ಬರೇ. ಇಂಥವರ ಪೂರ್ವಚರಿತ್ರೆಯನ್ನು ಬರೆಯಬೇಕೆಂಬ ಆಸೆ ಸಹಜ. ಆದರೆ ಮೇಷ್ಟ್ರು ಪತಾಕಾನಾಯಕರು. ಅವರ ಬಾಳಿನ ಫಲವೆಲ್ಲ ಶಿಷ್ಯನೇ. ಮಾರ್ಗರೆಟ್‌ಳನ್ನು ವರಿಸಲು ಹೊರಟ ಆ ಶಿಷ್ಯನನ್ನು ಒಪ್ಪಲಾರದೆ, ಅವನ ಕೈಯಿಂದಲೇ ಕೋಟೆಯ ಬಂಡೆಯಿಂದ ಉರುಳಿಹೋಗುವಲ್ಲಿಗೆ ಅವರ ಕಥೆ ಪೂರ್ತಿಯಾಯಿತು. ಅವರ ಯೌವನವನ್ನು ತೋರಿಸಿ ಇದಕ್ಕೆ ಕೂಡಿಸತಕ್ಕದ್ದು ಏನು?

ಕೂಡಿಸುವ ಬದಲು, ಅವರಿಂದ ಕೇಳಬೇಕಾದ ಒಂದು ಲೆಕ್ಕವಿದೆ. ಜಲೀಲನಿಂದ ತನ್ನ ತಂಗಿಯನ್ನು ಕಾಪಾಡಿದರೆ ಅವಳನ್ನು ಕೊಟ್ಟು ಮದುವೆಮಾಡುವೆನೆಂದು ವರದನು ರಾಮಾಚಾರಿಗೆ ಮಾತು ಕೊಡುತ್ತಾನೆ. ಕಾರ್ಯ ಮುಗಿದಮೇಲೆ ಜಾತಿ ಬೇರೆಯೆಂದು ಮಾತು ತಪ್ಪುತ್ತದೆ. ಮನೆಯವರು ಬೇರೆ ವರನನ್ನು ಗೊತ್ತುಮಾಡುತ್ತಾರೆ. ಆಗ ಮೇಷ್ಟ್ರು ಶಿಷ್ಯನಿಗೆ ತ್ಯಾಗವನ್ನು ಬೋಧಿಸುತ್ತಾರೆ; ಶಿಷ್ಯನು ಬಿಟ್ಟುಕೊಡುತ್ತಾನೆ. ಅಣ್ಣ ಮಾತು ಕೊಟ್ಟ, ಅಣ್ಣ ಮಾತು ಮುರಿದ, ಗುರು ಉಪದೇಶಿಸಿದ, ಶಿಷ್ಯ ತ್ಯಾಗಿಯಾದ. ತ್ಯಜಿಸಲ್ಪಟ್ಟವಳನ್ನು ಒಂದು ಮಾತು ಕೇಳುವುದು ಈ ಧರ್ಮಜಿಜ್ಞಾಸೆಯ ಅಂಗವೆಂದು ಗುರುವಿಗಾಗಲಿ ಶಿಷ್ಯನಿಗಾಗಲಿ ತೋರಲೇ ಇಲ್ಲ. ತನ್ನದಲ್ಲದ ಬಾಳನ್ನು ದಾನಮಾಡುವುದು ಯಾವ ಶಾಸ್ತ್ರದ ತ್ಯಾಗ?

ಮುಂದೆ ಅಲಮೇಲು ಕಾಣಿಸಿಕೊಳ್ಳುವುದು ಹೋಟೆಲೊಂದರಲ್ಲಿ, ಮೈಯನ್ನು ಮಾರುವ ವೃತ್ತಿಗೆ ಬಿದ್ದವಳಾಗಿ. ಕೈಹಿಡಿದ ಗಂಡನೇ ಅವಳನ್ನು ಆ ಗತಿಗೆ ನೂಕಿದ್ದಾನೆ. ಆರತಿಯವರು ಈ ಸನ್ನಿವೇಶವನ್ನು ನಿರ್ವಹಿಸಿದ ಬಗೆ ಅಸಾಧಾರಣವಾದದ್ದು. ಆದರೆ ಮದುವೆಯ ಮಂಟಪದಿಂದ ಆ ಕೋಣೆಯವರೆಗಿನ ದಾರಿ ಚಿತ್ರದಲ್ಲಿ ಇಲ್ಲ. ಇಡೀ ಕಥೆಯಲ್ಲಿ ನಡೆದ ಅತ್ಯಂತ ಘೋರವಾದ ಅಪರಾಧವು ತೆರೆಯ ಹಿಂದೆಯೇ ನಡೆದುಹೋಗಿದೆ. ಅಪರಾಧಿಗೆ ಶಿಕ್ಷೆಯೂ ಇಲ್ಲ, ವಿಚಾರಣೆಯೂ ಇಲ್ಲ. ಅವಳ ದುರ್ಗತಿಯಿಂದ ಆದ ಪ್ರಯೋಜನವೆಂದರೆ ರಾಮಾಚಾರಿಗೆ ಗುರುವಚನದಲ್ಲಿದ್ದ ನಂಬಿಕೆ ಸಡಿಲವಾಗಿ, ಮಾರ್ಗರೆಟ್‌ಳ ವಿಷಯದಲ್ಲಿ ಅವನು ಗಟ್ಟಿಯಾಗಿ ನಿಂತದ್ದು. ಅಂದರೆ ಅವಳ ಕಣ್ಣೀರೂ ನಾಯಕನ ಮನಃಪರಿವರ್ತನೆಗೆ ಒಂದು ಉಪಕರಣವಾಯಿತು. ಇದು ಪತಾಕೆಯೂ ಅಲ್ಲ, ಪ್ರಕರಿಯೂ ಅಲ್ಲ. ತೀರಿಸದೆ ಉಳಿದ ಸಾಲ. ಪ್ರತ್ಯೇಕ ಕೃತಿಗೆ ಅಧಿಕಾರಿಣಿ ಇವಳೇ.

ಇದಕ್ಕೆ ಆಕ್ಷೇಪವುಂಟು. ಅಂಥ ಕೃತಿಯಿಂದ ಚಾಮಯ್ಯ ಮೇಷ್ಟ್ರ ಪೂಜ್ಯತೆಗೆ ಕುಂದು ಬರುವುದಿಲ್ಲವೆ ಎಂದು ಸಜ್ಜನರು ಕೇಳಬಹುದು. ಬರುತ್ತದೆ, ಬರಲಿ. ಮೇಷ್ಟ್ರು ದುಷ್ಟರಾಗಿದ್ದರೆ ಅಲಮೇಲುವಿನ ಕಥೆ ಸುಲಭವಾಗಿರುತ್ತಿತ್ತು, ಹಗುರವೂ ಆಗಿರುತ್ತಿತ್ತು. ಸಾಕ್ಷಾತ್ ವಾತ್ಸಲ್ಯಮೂರ್ತಿಯಾದವನ ಒಂದು ಮಾತಿನಿಂದ ನಿರಪರಾಧಿಯಾದ ಹುಡುಗಿಯೊಬ್ಬಳ ಬಾಳು ಮುರಿಯಿತೆಂಬಲ್ಲಿಯೇ ಕರುಣರಸದ ಮೂಲವಿದೆ. ಸಾಲ್ ಗುಡ್‌ಮನ್ನನ ಧಾರಾವಾಹಿಯ ಸಾರ್ಥಕ್ಯವೂ ಅವನ ಹಳೆಯ ಹಾಸ್ಯವನ್ನು ಮತ್ತೆ ಬಡಿಸಿದ್ದರಲ್ಲಿ ಇಲ್ಲ. ಜಿಮ್ಮಿ ಮ್ಯಾಕ್‌ಗಿಲ್ ಎಂಬ ಮನುಷ್ಯ ಆ ಹೆಸರಿಗೆ ಇಳಿದುಬಂದ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದ್ದರಲ್ಲಿದೆ. ಅಲಮೇಲುವಿನ ವಿಷಯದಲ್ಲಿ ಬೇಕಾದದ್ದೂ ಆ ದಾರಿಯೇ.

ಆದರೆ ಇದನ್ನು ಸಾವಿರ ಕಂತುಗಳ ದೈನಂದಿನ ಧಾರಾವಾಹಿಯವರ ಕೈಗೆ ಕೊಟ್ಟರೆ ಅತ್ತೆ ನಾದಿನಿಯರ ಕಲಹದಲ್ಲಿ ಅವಳು ಇನ್ನೊಮ್ಮೆ ಕಳೆದುಹೋಗುವಳು. ಎಂಟೋ ಹತ್ತೋ ಕಂತುಗಳು ಸಾಕು. ರಾಮಾಚಾರಿಯು ಉದ್ಧಾರಕನಾಗಿ ನಡುವೆ ಬರಕೂಡದು. ಹೋಟೆಲಿನ ಭೇಟಿಯನ್ನು ಅವಳ ಕಡೆಯಿಂದ ನೋಡಿದರೆ ಆಯಿತು. ಮೇಷ್ಟ್ರೂ ಒಂದೇ ಒಂದು ಸಲ, ಮದುವೆಯ ದಿನ ಅಕ್ಷತೆ ಹಾಕುವವರ ಗುಂಪಿನಲ್ಲಿ ಕಂಡರೆ ಸಾಕು. ಇನ್ನು ಸಂಭಾಷಣೆಯನ್ನು ಬರೆಯುವವರು ದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿ ಹೆಂಗಸರು ಅಡುಗೆಯ ಮನೆಯಲ್ಲಿ ದನಿ ತಗ್ಗಿಸಿ ಆಡುವ ಮಾತನ್ನು ಬಹುಕಾಲ ಕೇಳಿದವರಾಗಿರಬೇಕು. ಅಲಮೇಲುವಿನ ಹೊರತು ಉಳಿದವರೆಲ್ಲರ ಮಾತನ್ನೂ ಬಂಡೆಗಳು ಮಾರ್ದನಿಸುವಂತೆ ಆ ಚಿತ್ರವು ಈಗಾಗಲೇ ಕೇಳಿಸಿದೆ.