ಎರಡಕ್ಷರದ ಗುತ್ತಿಗೆ

ಬೆಟ್ಟದಪುರ, ಬೈಲಕುಪ್ಪೆ ಎರಡೂ ಪಿರಿಯಾಪಟ್ಟಣ ತಾಲ್ಲೂಕಿಗೇ ಸೇರಿದವು. ಬೈಲಕುಪ್ಪೆಗೆ ಟಿಬೆಟಿಯನ್ನರು ಬಂದು ನೆಲೆಸಿ ಅರವತ್ತು ವರ್ಷ ದಾಟಿದೆ. ಪ್ರವಾಸಿಗರು ಗೋಲ್ಡನ್ ಟೆಂಪಲ್ ಎನ್ನುವ ನಾಮ್‌ಡ್ರೋಲಿಂಗ್ ಮಠ ಶುರುವಾದದ್ದೇ 1963ರಲ್ಲಿ. ಇಷ್ಟೆಲ್ಲ ಆದರೂ ಅಲ್ಲಿನ ಭಿಕ್ಷುವಿಗಾಗಲಿ, ಸ್ವೆಟರ್ ಅಂಗಡಿಯವರಿಗಾಗಲಿ ತಮ್ಮ ನಾಡಿನದೆಂದು ಹೇಳಿಕೊಳ್ಳುವ ಡೊಮೇನ್ ಒಂದೂ ಇಲ್ಲ. ಧರ್ಮಶಾಲೆಯಲ್ಲಿರುವ ಟಿಬೆಟಿಯನ್ ಆಡಳಿತ ತನ್ನ ಜಾಲತಾಣವನ್ನು ಟಿಬೆಟ್ ಡಾಟ್ ನೆಟ್ ಎಂಬ ವಿಳಾಸದಲ್ಲಿ ನಡೆಸುತ್ತದೆ. ಟಿಬೆಟ್ ಡಾಟ್ ಸಿಎನ್ ಎಂದು ಟೈಪ್ ಮಾಡಿದವರು ತಲುಪುವುದು ಚೀನಾ ಸರ್ಕಾರದ ಪ್ರಚಾರ ತಾಣಕ್ಕೆ. ಹೆಸರು ಒಂದೇ, ಚುಕ್ಕೆ ದಾಟಿದರೆ ಬೇರೆಯೇ ಯಜಮಾನ.

ಚುಕ್ಕೆಯ ಆಚೆ ದೇಶವನ್ನು ಸೂಚಿಸುವ ಸಿಎನ್‌ನಂಥ ಎರಡಕ್ಷರಗಳನ್ನು ಹಂಚಿದ್ದು ಇಂಟರ್ನೆಟ್ ಎಂಜಿನಿಯರುಗಳಲ್ಲ. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳ ತಮಗೆ ಬೇಡವೆಂದು ಅಂದು ಡೊಮೇನ್‌ಗಳ ಉಸ್ತುವಾರಿ ನೋಡುತ್ತಿದ್ದ ಜಾನ್ ಪೋಸ್ಟೆಲ್, ದೇಶಸಂಕೇತಗಳ ಐಎಸ್‌ಒ 3166 ಎಂಬ ಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಂಡರು. 1994ರ ಆರ್‌ಎಫ್‌ಸಿ 1591 ಎಂಬ ದಾಖಲೆಯಲ್ಲಿ ಅದನ್ನು ಬರೆದೂ ಇಟ್ಟರು. ಜಾಣತನದ ನಿರ್ಧಾರವೇ. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಡೊಮೇನ್, ಹೆಸರು ಹೋದರೆ ಡೊಮೇನೂ ಹೋಗಬಹುದು ಎಂಬ ಪಾಡು ಅಂದಿನಿಂದಲೇ ಅಂಟಿಕೊಂಡಿತು.

ಬೆಂಗಳೂರಿನ ಸ್ಟಾರ್ಟಪ್‌ಗಳ ವಿಳಾಸಗಳನ್ನು ಒಮ್ಮೆ ಓದಿ ನೋಡಬೇಕು. ಹಸುರಾ ಡಾಟ್ ಐಒ, ಸರ್ವಂ ಡಾಟ್ ಎಐ, ಸೇತು ಡಾಟ್ ಸಿಒ. ಕಿವಿಗೆ ಹಿತ, ಕಾರ್ಡಿನ ಮೇಲೆ ಚೆಂದ. ಭೂಪಟ ಬಿಚ್ಚಿದರೆ ಮೊದಲನೆಯದು ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶದ ಸಂಕೇತ, ಎರಡನೆಯದು ಕೆರಿಬಿಯನ್‌ನ ಆಂಗ್ವಿಲ್ಲಾ ದ್ವೀಪದ್ದು, ಮೂರನೆಯದು ಕೊಲಂಬಿಯಾದ್ದು. ಸುಮಾರು ಹದಿನಾರು ಸಾವಿರ ಜನರಿರುವ ಆಂಗ್ವಿಲ್ಲಾಕ್ಕೆ 2023ರಲ್ಲಿ ಡೊಮೇನ್ ಮಾರಾಟದಿಂದ ಬಂದದ್ದು ಸುಮಾರು 3.2 ಕೋಟಿ ಡಾಲರ್. ಸರ್ಕಾರದ ಆದಾಯದ ಐದನೇ ಒಂದು ಭಾಗಕ್ಕೂ ಹೆಚ್ಚು. ಇಂಥ ಹಸುವನ್ನು ಆ ದ್ವೀಪ ತಾನಾಗಿ ಕಟುಕನಿಗೆ ಕೊಡುವುದಿಲ್ಲ ಎಂದು ಎಐ ಕೊಂಡವರು ಸದ್ಯಕ್ಕೆ ಸಮಾಧಾನಪಟ್ಟುಕೊಳ್ಳಬಹುದು.

ಐಒ ಕೊಂಡವರಿಗೆ ಅಷ್ಟು ನಿಶ್ಚಿಂತೆಯಿಲ್ಲ. ಆ ಬ್ರಿಟಿಷ್ ಪ್ರದೇಶವೆಂದರೆ ಚಾಗೋಸ್ ದ್ವೀಪಗಳು; ಅವುಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ 2024ರ ಅಕ್ಟೋಬರ್‌ನಲ್ಲಿ ಹೇಳಿತು. 2025ರ ಮೇ 22ರಂದು ಒಪ್ಪಂದಕ್ಕೆ ಸಹಿಯೂ ಬಿತ್ತು. ಆ ಪ್ರದೇಶವೇ ಇಲ್ಲವಾದರೆ ಐಎಸ್‌ಒ ಪಟ್ಟಿಯಿಂದ ಐಒ ತೆಗೆಯುವ ಪ್ರಶ್ನೆ ಏಳುತ್ತದೆ. ತೆಗೆದರೆ ಆ ಡೊಮೇನನ್ನು ಮುಚ್ಚಲು ಇರುವ ಸಾಮಾನ್ಯ ಗಡುವು ಐದು ವರ್ಷ, ಕೇಳಿಕೊಂಡರೆ ಹತ್ತರವರೆಗೆ. ಯುಗೊಸ್ಲಾವಿಯಾದ ವೈಯು 2010ರಲ್ಲಿ ಹೀಗೆಯೇ ಕಣ್ಮುಚ್ಚಿತು. ಸೋವಿಯತ್ ಒಕ್ಕೂಟ ಒಡೆದು ಮೂರು ದಶಕ ಕಳೆದರೂ ಎಸ್‌ಯು ಮಾತ್ರ ಇನ್ನೂ ಉಸಿರಾಡುತ್ತಿದೆ. ಕಾನೂನು ಎಲ್ಲರಿಗೂ ಒಂದೇ ಎಂದು ನಂಬುವವರು ಈ ಕ್ಷೇತ್ರಕ್ಕೆ ಬಾರದಿರುವುದು ವಾಸಿ.

ನಕ್ಷೆ ಬದಲಾಗದಿದ್ದರೂ ಆಳುವವರ ಮನಸ್ಸು ಬದಲಾದರೆ ಸಾಕು. 2010ರಲ್ಲಿ ಲಿಬಿಯಾ, ವಿಬಿ ಡಾಟ್ ಎಲ್‌ವೈ ಎಂಬ ಪುಟ್ಟ ವಿಳಾಸವನ್ನು ತನ್ನ ಕಾನೂನು, ಧಾರ್ಮಿಕ ಕಟ್ಟಳೆಗಳಿಗೆ ಹೊಂದುವುದಿಲ್ಲವೆಂದು ಕಿತ್ತುಕೊಂಡಿತು. 2024ರ ಫೆಬ್ರವರಿಯಲ್ಲಿ ತಾಲಿಬಾನ್ ಕೈಯಲ್ಲಿರುವ ಅಫ್ಘಾನಿಸ್ತಾನದ ಎಎಫ್, ಲೈಂಗಿಕ ಅಲ್ಪಸಂಖ್ಯಾತರ ಒಂದು ತಾಣವನ್ನು ನಿಲ್ಲಿಸಿತು. ಬಿಟ್ಟಿ ಡೊಮೇನ್‌ಗಳ ಕಥೆ ಇನ್ನೂ ದೊಡ್ಡದು: 2023ರಲ್ಲಿ ಗ್ಯಾಬೊನ್ ತನ್ನ ಜಿಎ ಸಂಕೇತವನ್ನು ಖಾಸಗಿ ಕಂಪನಿಯಿಂದ ಹಿಂದಕ್ಕೆ ಪಡೆದಾಗ ಅಳಿಸಿಹೋಗಬೇಕಾದ ಹೆಸರುಗಳು ಎಪ್ಪತ್ತು ಲಕ್ಷಕ್ಕೂ ಹೆಚ್ಚು. ಯುರೋಪಿನ ಇಯು ವಿಳಾಸಕ್ಕೆ ಬ್ರಿಟನ್ನಿನವರು ಅರ್ಹರಲ್ಲವೆಂದು 2021ರ ಜನವರಿಯಲ್ಲಿ ಎಂಬತ್ತು ಸಾವಿರದಷ್ಟು ಹೆಸರುಗಳು ಅಮಾನತಾದವು. ಒಕ್ಕೂಟ ಬಿಡೋಣ ಎಂದು ಕೂಗಿದ ಲೀವ್ ಡಾಟ್ ಇಯು ತಂಡ ಗಡುವಿಗೆ ಮುನ್ನ ನೋಂದಣಿಯನ್ನು ಐರ್ಲೆಂಡಿನ ವಿಳಾಸಕ್ಕೆ ಬದಲಿಸಿಕೊಂಡಿತ್ತು. ಅದೂ ಅಮಾನತಾಗುವುದು ತಪ್ಪಲಿಲ್ಲ. ತಮಾಷೆಯೆಂದರೆ ಇದೇ.

ಹಾಗಾದರೆ ಕಬಿನಿ ಹಿನ್ನೀರಿನ ದಂಡೆಯಲ್ಲಿ ಹೋಂಸ್ಟೇ ತೆರೆದ ಎಚ್.ಡಿ. ಕೋಟೆಯವರು ಏನು ಕೊಳ್ಳಬೇಕು? ಡಾಟ್ ಇನ್ ಕೊಳ್ಳಲು ಅಂಜಬೇಕಾಗಿಲ್ಲ. ಅದರ ಹೊಣೆ ನಿಕ್ಸಿ ಎಂಬ ನಮ್ಮದೇ ಸಂಸ್ಥೆಯದು. 2005ರಿಂದ ಯಾರಿಗಾದರೂ ಮುಕ್ತ. ಬೆಂಗಳೂರಿನಲ್ಲಿ 2006ರಲ್ಲಿ ಹುಟ್ಟಿದ ರೆಡ್‌ಬಸ್ ಇವತ್ತಿಗೂ ಇದೇ ವಿಳಾಸದಲ್ಲಿ ಟಿಕೆಟ್ ಮಾರುತ್ತಿದೆ. ಮಲೇಷ್ಯಾಕ್ಕೆ ಹೋದಾಗ ಎಂವೈ, ಸಿಂಗಪುರಕ್ಕೆ ಹೋದಾಗ ಎಸ್‌ಜಿ, ಪೆರುವಿಗೆ ಹೋದಾಗ ಪಿಇ ಎಂದು ಮನೆಮನೆಗೂ ಬೇರೆ ಬಾಗಿಲು ಇಡಬೇಕಾಯಿತು, ಅಷ್ಟೆ. ಡಾಟ್ ಇನ್‌ನಲ್ಲಿ ಹೆಸರು ಮರೆಸಿಕೊಂಡು ನೋಂದಾಯಿಸುವ ಸೌಲಭ್ಯವಿಲ್ಲ, ತಂಟೆ ಬಂದರೆ ಜಾಗತಿಕ ನಿಯಮಕ್ಕೆ ಬದಲು ಐಎನ್‌ಡಿಆರ್‌ಪಿ ಎಂಬ ದೇಶೀ ಪಂಚಾಯ್ತಿ. ಇದನ್ನು ಓದಿಕೊಂಡು ಕೊಂಡರೆ ಸಾಕು.

ನಿಜವಾದ ಅಪಾಯ ಹತ್ತಿರದಲ್ಲೇ ಇದೆ. ಹುಣಸೂರು, ಕೆ.ಆರ್. ನಗರದ ಕಡೆ ಸಣ್ಣ ವ್ಯಾಪಾರಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗ ಡೊಮೇನನ್ನು ತನ್ನ ಇಮೇಲ್‌ನಲ್ಲೇ ನೋಂದಾಯಿಸಿಬಿಡುತ್ತಾನೆ. ಆತ ಬೆಂಗಳೂರಿಗೆ ಕೆಲಸಕ್ಕೆ ಹೋದ ವರ್ಷ ರಿನ್ಯೂವಲ್ ಸಂದೇಶ ಯಾರೂ ತೆರೆಯದ ಇನ್‌ಬಾಕ್ಸ್‌ಗೆ ಬೀಳುತ್ತದೆ. ಆಮೇಲೆ ಹೋಂಸ್ಟೇ ಹುಡುಕಿದ ಅತಿಥಿಗೆ ಕಾಣುವುದು ಜೂಜಿನ ಜಾಹೀರಾತು. ಯಾವ ತಾಲಿಬಾನೂ ಬೇಕಿಲ್ಲ.

ಇನ್ನು ಕನ್ನಡ ಲಿಪಿಯ .ಭಾರತ ವಿಳಾಸ. ತೆಲುಗಿನವರದು ಕೊನೆಯಲ್ಲಿ ಅರ್ಧಾಕ್ಷರ ಇರುವ ಭಾರತ್, ನಮ್ಮದು ಪೂರ್ಣ. ಆದರೆ ಚುಕ್ಕೆಯ ಈಚೆ ಜ, ಬ, ಲ, ಖ, ರ ಎರಡೂ ಲಿಪಿಯಲ್ಲಿ ಅವಳಿಗಳಂತಿವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಚುಕ್ಕೆಯ ಆಚೆಗೆ ಅನ್ವಯಿಸುವ ಬೇರುಮಟ್ಟದ ನಿಯಮಗಳಲ್ಲೂ ಇಂಥ ಜೋಡಿಗಳನ್ನು ಪರಸ್ಪರ ರೂಪಾಂತರ ಎಂದು ಗುರುತಿಸಿದ್ದಾರೆ. ಜೊತೆಗೆ ಇಂಥ ವಿಳಾಸದ ಇಮೇಲನ್ನು ಎಷ್ಟೋ ಫಾರಂಗಳು ತಪ್ಪು ಎಂದು ತಿರಸ್ಕರಿಸುತ್ತವೆ. ಆದ್ದರಿಂದ ಬೆಟ್ಟದಪುರದ ಅಂಗಡಿಯೊಂದು ಕನ್ನಡದ ಹೆಸರನ್ನು ಹೆಮ್ಮೆಗೆ ಬೋರ್ಡಿನ ಮೇಲೆ ಬರೆಸಲಿ, ಬಿಲ್ಲು, ಬ್ಯಾಂಕು, ಬುಕಿಂಗ್‌ಗೆ ಇಂಗ್ಲಿಷ್ ಅಕ್ಷರದ ಡಾಟ್ ಇನ್ ಇರಲಿ. ಎರಡೂ ಮಾಲೀಕರದೇ ಇಮೇಲ್‌ನಲ್ಲಿ, ಕೆಲವು ವರ್ಷದ ಹಣ ಮುಂಗಡ ಕಟ್ಟಿ.