ಯುಗಾದಿಯ ಬಿಸಿಲಿಗೆ ನಿಂಬೆಯ ಮೂಸ್

ಮೊಬೈಲ್ ಪರದೆಯ ಮೇಲೆ ನಿಂಬೆಯ ಮೂಸ್ ಯಾವಾಗಲೂ ಗಾಜಿನ ಬಟ್ಟಲಲ್ಲಿ ತಣ್ಣಗೆ, ನೆಟ್ಟಗೆ ನಿಂತಿರುತ್ತದೆ. ಅದೇ ಬಟ್ಟಲನ್ನು ಯುಗಾದಿಯ ಮಧ್ಯಾಹ್ನ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಮನೆಯೊಂದರ ಪಡಸಾಲೆಗೆ ತಂದಿಟ್ಟರೆ ಏನಾಗುತ್ತದೆ ಎಂಬುದನ್ನು ಯಾವ ವಿಡಿಯೊವೂ ತೋರಿಸುವುದಿಲ್ಲ. ಕುಮುದ್ವತಿಯ ಈ ದಂಡೆಯಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ಬಿಸಿಲು ಬಲಿತಿರುತ್ತದೆ. ಏಪ್ರಿಲ್‌ನಲ್ಲಿ 36-37 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿಯಲ್ಲ. ಮೂಸನ್ನು ಹಿಡಿದು ನಿಲ್ಲಿಸುವ ಜೆಲಟಿನ್ 30 ಡಿಗ್ರಿ ದಾಟುತ್ತಿದ್ದಂತೆ ಸಡಿಲಾಗಿ, 35ರ ಆಸುಪಾಸಿನಲ್ಲಿ ಪೂರ್ತಿ ಕರಗುತ್ತದೆ. ಬಾಯಲ್ಲಿಟ್ಟರೆ ಕರಗಬೇಕು ಎಂಬುದೇ ಈ ಫ್ರೆಂಚ್ ಸಿಹಿಯ ಹೆಗ್ಗಳಿಕೆ. ಇಲ್ಲಿ ಅದು ಬಾಯಿಯವರೆಗೂ ಕಾಯುವುದಿಲ್ಲ.

ಹಾಗೆಂದು ನಕ್ಕು ತಳ್ಳಿಹಾಕುವಂತಿಲ್ಲ. ಹಬ್ಬಕ್ಕೆ ಹುಬ್ಬಳ್ಳಿ, ಬೆಂಗಳೂರಿನಿಂದ ಊರಿಗೆ ಬರುವ ಮಕ್ಕಳು ಹೊಸದೊಂದು ಸಿಹಿಯನ್ನು ಮಾಡಲು ಹೊರಟಾಗ ಮೊದಲು ಆರಿಸುವುದು ಇಂಥದನ್ನೇ. ಒಲೆಯ ಕೆಲಸ ಕಡಿಮೆ, ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಬಹುದು, ಹೋಳಿಗೆ ಉಂಡ ಮೇಲೆ ಹುಳಿಯಾದ ತಣ್ಣನೆಯದೊಂದು ಹಿತವೂ ಹೌದು. ಕಲ್ಪನೆಯಲ್ಲಿ ದೋಷವಿಲ್ಲ, ಅದನ್ನು ಸಾಧಿಸಲು ಹಿಡಿಯುವ ದಾರಿಯನ್ನು ಮಾತ್ರ ಒರೆಗೆ ಹಚ್ಚಬೇಕು.

ಮೊದಲ ತೊಡಕು ಕ್ರೀಮು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಪ್ಯಾಕೆಟ್ಟಿನ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ ನೂರಕ್ಕೆ 25ರಷ್ಟು. ಗಾಳಿಯನ್ನು ಹಿಡಿದಿಟ್ಟು ಉಬ್ಬಲು ಕನಿಷ್ಠ 30, ಚೆನ್ನಾಗಿ ನಿಲ್ಲಲು 35 ಬೇಕು. ಅರ್ಧ ಗಂಟೆ ಕಡೆದರೂ ಅದು ತೆಳ್ಳಗೇ ಉಳಿಯುವುದಕ್ಕೆ ಕಾರಣ ಕೈಗುಣವಲ್ಲ. ಹೀಗೆ ಸೋತವರು ಮುಂದಿನ ಸಲ ಬೇಕರಿ ಸಾಮಾನಿನ ಅಂಗಡಿಯಿಂದ ಕೇಕಿನ ವಿಪ್ಪಿಂಗ್ ಕ್ರೀಮ್ ತರುತ್ತಾರೆ. ಅದೇನೋ ಕ್ಷಣದಲ್ಲಿ ಉಬ್ಬುತ್ತದೆ, ಸೆಕೆಯಲ್ಲೂ ಬೀಳುವುದಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ತಾಳೆಬೀಜದ ಎಣ್ಣೆಯಂಥ ಸಸ್ಯಜನ್ಯ ಕೊಬ್ಬಿನಿಂದ ಮಾಡಿದವು. ಸಕ್ಕರೆ ಮೊದಲೇ ಸೇರಿರುತ್ತದೆ, ನಾಲಿಗೆಯ ಮೇಲೆ ಜಿಡ್ಡಿನ ಪದರವೊಂದು ಕೂತುಬಿಡುತ್ತದೆ. ಎಮ್ಮೆ ಹಾಲಿನ ಕೆನೆ ಉಂಡು ಬೆಳೆದ ನಾಲಿಗೆಗೆ ಇದು ತಕ್ಷಣ ಗೊತ್ತಾಗುತ್ತದೆ. ನಿಂಬೆಯ ಪರಿಮಳ ಆ ಪದರವನ್ನು ಭೇದಿಸಿ ಮೇಲೆ ಬರುವುದೇ ಇಲ್ಲ.

ಎರಡನೆಯ ತೊಡಕು ಅಡುಗೆಮನೆಯದಷ್ಟೇ ಅಲ್ಲ, ಪಂಕ್ತಿಯದೂ ಹೌದು. ಹಳೆಯ ಪದ್ಧತಿಯ ಮೂಸ್‌ಗೆ ಹಸಿ ಮೊಟ್ಟೆಯ ಬಿಳಿಭಾಗ ಬೇಕು. ಜೆಲಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಶಾಕಾಹಾರದ ನೇಮವಿರುವ ಮನೆಗಳಲ್ಲಿ ಹಿರಿಯರು ಚಮಚ ಎತ್ತುವ ಮೊದಲು ‘ಇದಕ್ಕ ತತ್ತಿ ಹಾಕಿಲ್ಲಲ್ಲವಾ?’ ಎಂದು ಕೇಳುವುದು ಸಹಜ. ಜೆಲಟಿನ್ ಬಗ್ಗೆ ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ. ಅತಿಥಿಗೆ ತಿಳಿಸದೆ ಬಡಿಸುವುದು ಜಾಣತನ ಎನಿಸಿಕೊಳ್ಳದು.

ಬದಲಿಗೆ ಚೈನಾ ಗ್ರಾಸ್ ಇದೆ. ಸಮುದ್ರಪಾಚಿಯಿಂದ ಬರುವ ಈ ಅಗರ್ ನೇಮಕ್ಕೂ ಒಗ್ಗುತ್ತದೆ, ಬಿಸಿಲಿಗೂ ಬಗ್ಗುವುದಿಲ್ಲ: ಒಮ್ಮೆ ಗಟ್ಟಿಯಾದರೆ 85 ಡಿಗ್ರಿ ಮುಟ್ಟುವವರೆಗೆ ಮತ್ತೆ ಕರಗದು. ಆ ಹಟವೇ ಅದರ ಕೊರತೆ. ಬಾಯಲ್ಲೂ ಅದು ಕರಗುವುದಿಲ್ಲ, ತುಂಡಾಗುತ್ತದೆ. ಸ್ವಲ್ಪ ಹೆಚ್ಚು ಬಿತ್ತೋ, ಮೂಸ್ ಹೋಗಿ ಹಾಲಿನ ಬರ್ಫಿಯ ಹತ್ತಿರದ್ದೇನೋ ಆಗುತ್ತದೆ. ನಿಂಬೆರಸದ ಜೊತೆಗೇ ಕುದಿಸಿದರೆ ಹುಳಿಯ ಹೊಡೆತಕ್ಕೆ ಅಗರ್‌ನ ಕಸುವು ಕುಂದುತ್ತದೆ. ನೀರಿನಲ್ಲಿ ಮೊದಲು ಕುದಿಸಿ, ಇಳಿಸಿದ ಮೇಲೆ ರಸ ಹಿಂಡುವುದು ಕ್ರಮ. ಅನೇಕ ಪಾಕವಿಧಾನಗಳು ಈ ಒಂದು ಸಾಲನ್ನು ಹೇಳದೆ ಬಿಡುತ್ತವೆ.

ಮಿಲ್ಕ್‌ಮೇಡ್ ಡಬ್ಬಿಯ ಉಪಾಯವನ್ನು ಮಾತ್ರ ಮೆಚ್ಚಬೇಕು. ಮಂದಗೊಳಿಸಿದ ಹಾಲಿಗೆ ನಿಂಬೆರಸ ಹಾಕಿ ತಿರುವಿದರೆ ಅದು ಒಡೆದು ನೀರಾಗುವ ಬದಲು ದಪ್ಪಗಾಗುತ್ತದೆ. ಹುಳಿಯಿಂದ ಹಾಲಿನ ಪ್ರೋಟೀನು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಅಮೆರಿಕದ ಫ್ಲಾರಿಡಾದ ಹೆಸರಾಂತ ಕೀ ಲೈಮ್ ಪೈ ನಿಂತಿರುವುದೂ ಇದೇ ಗುಣದ ಮೇಲೆ. ಜೆಲಟಿನ್ ಬೇಡ, ತತ್ತಿ ಬೇಡ, ಒಲೆಯೂ ಬೇಡ. ಸಮಸ್ಯೆ ಸಿಹಿಯದು. ಡಬ್ಬಿಯ ತೂಕದಲ್ಲಿ ಅರ್ಧದಷ್ಟು ಸಕ್ಕರೆಯೇ ಇರುತ್ತದೆ. ಅದನ್ನು ಸರಿದೂಗಿಸಲು ರಸ ಹೆಚ್ಚಿಸಿದರೆ ಹುಳಿ ಹಲ್ಲಿಗೆ ತಾಕುತ್ತದೆಯೇ ಹೊರತು ಸಿಹಿ ಇಳಿದಂತೆ ಅನ್ನಿಸುವುದಿಲ್ಲ. ಹೂರಣದ ಹೋಳಿಗೆ ಉಂಡ ಮೇಲೆ ಮೂರು ಚಮಚಕ್ಕೆ ಸಾಕಾಗುತ್ತದೆ.

ಇಷ್ಟೆಲ್ಲ ಸರ್ಕಸ್ಸಿನ ನಡುವೆ ನಿಂಬೆಯನ್ನೇ ಮರೆಯುವವರು ಹೆಚ್ಚು. ರಸ ಕೊಡುವುದು ಹುಳಿ. ಪರಿಮಳ ಇರುವುದು ಸಿಪ್ಪೆಯ ಮೇಲ್ಪದರದ ಎಣ್ಣೆಯ ಗುಳ್ಳೆಗಳಲ್ಲಿ. ನಮ್ಮ ಕಾಗ್ಜಿ ನಿಂಬೆಯ ಸಿಪ್ಪೆ ಬಲು ತೆಳು. ತುರಿಯುವ ಮಣೆಯ ಸಣ್ಣ ಕಣ್ಣಿನ ಮೇಲೆ ಒಂದೆಡೆ ಎರಡು ಸಲ ಎಳೆದು ಹಣ್ಣನ್ನು ತಿರುಗಿಸಬೇಕು. ಮೂರನೆಯ ಎಳೆತಕ್ಕೆ ಬಿಳಿಯ ಭಾಗ ಸಿಕ್ಕಿ ಕಹಿ ಬೆರೆಯುತ್ತದೆ. ಹಸಿರಿರುವಾಗ ತುರಿದ ಆ ಸಿಪ್ಪೆಯನ್ನು ಸಕ್ಕರೆಯೊಂದಿಗೆ ಬೆರಳ ತುದಿಯಲ್ಲಿ ತಿಕ್ಕಿದರೆ, ಸಕ್ಕರೆ ಸ್ವಲ್ಪ ಹೊತ್ತಿಗೇ ಒದ್ದೆ ಮರಳಿನಂತಾಗಿ ತಿಳಿಹಸಿರು ಬಣ್ಣಕ್ಕೆ ತಿರುಗುತ್ತದೆ. ಬಾಟಲಿಯ ಎಸೆನ್ಸ್ ಎಷ್ಟು ಹಾಕಿದರೂ ಈ ವಾಸನೆ ಬಾರದು. ಭೌಗೋಳಿಕ ಸೂಚಕ ಪಡೆದ ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆ ಸಿಕ್ಕರಂತೂ ರಸಕ್ಕೂ ಪರಿಮಳಕ್ಕೂ ಚಿಂತೆಯಿಲ್ಲ. ಆದರೆ ಬೇಸಗೆಯಲ್ಲಿ ನಿಂಬೆಯ ಬೆಲೆ ಏರುವುದು ಪ್ರತಿವರ್ಷದ ಮಾತು. 2022ರ ಏಪ್ರಿಲ್‌ನಲ್ಲಿ ದೇಶದ ಉದ್ದಗಲಕ್ಕೂ ಅದೇ ದೊಡ್ಡ ಸುದ್ದಿಯಾಗಿತ್ತು. ಅಂಥ ದುಬಾರಿ ಹಣ್ಣಿನ ರಸ ಹಿಂಡಿ ಸಿಪ್ಪೆ ಎಸೆಯುವುದು ಅರ್ಧ ಹಣವನ್ನು ತಿಪ್ಪೆಗೆ ಹಾಕಿದ ಲೆಕ್ಕ. ಬದಲಿಗೆ ಕಿತ್ತಳೆ ಹಿಡಿಯೋಣವೆಂದರೆ, ಕೊಡಗಿನ ಕಿತ್ತಳೆಯ ಸುಗ್ಗಿ ಯುಗಾದಿಯ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ನಾಗಪುರದ ಕಿತ್ತಳೆಗೆ ಬಣ್ಣವಿದೆ, ಮೂಸ್‌ಗೆ ಬೇಕಾದ ಹುಳಿ ಸಾಲದು.

ಇನ್ನು ಹೋಲಿಕೆಗೆ ಬರಬೇಕು. ಉತ್ತರ ಕರ್ನಾಟಕದ ಮದುವೆ, ಹಬ್ಬದೂಟಗಳಲ್ಲಿ ಪೂರಿಯ ಪಕ್ಕ ಬಡಿಸುವ ಶ್ರೀಖಂಡ ತಣ್ಣಗಿನ, ಕೆನೆಯಂಥ, ಹುಳಿಸಿಹಿಯ ತಿನಿಸೇ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126-1138) ‘ಮಾನಸೋಲ್ಲಾಸ’ದಲ್ಲಿ ನೀರು ಬಸಿದ ಮೊಸರಿಗೆ ಸಕ್ಕರೆ ಬೆರೆಸಿ ಮಾಡುವ ಶಿಖರಿಣಿಯ ವಿವರಣೆಯಿದೆ. ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯೂ ಚಾಲುಕ್ಯ ಶೈಲಿಯದೇ. ಅಂದಿನ ಪೂಜಾರಿಗಳು ಶಿಖರಿಣಿ ಸವಿದಿದ್ದರೆಂದು ಯಾವ ಶಾಸನವೂ ಹೇಳುವುದಿಲ್ಲ, ಬಿಡಿ; ಈ ಸೀಮೆಗೆ ಹುಳಿಸಿಹಿಯ ಕೆನೆ ಹೊಸದೇನಲ್ಲ ಎಂಬುದಂತೂ ನಿಜ. ಮುಖ್ಯ ಸಂಗತಿ ಬೇರೆ: ಮೊಸರಿನ ಹೆಪ್ಪು ಜೆಲಟಿನ್‌ನಂತೆ ಸೆಕೆಗೆ ಕರಗುವಂಥದ್ದಲ್ಲ. ಫ್ರಿಜ್ಜಿನಿಂದ ತೆಗೆದ ಚಕ್ಕಾ, ಅಂದರೆ ನೀರು ಬಸಿದ ಮೊಸರು, ಮೆತ್ತಗಾದೀತು, ಹರಿದುಹೋಗದು.

ಶ್ರೀಖಂಡವೂ ದೋಷವಿಲ್ಲದ್ದಲ್ಲ. ಮದುವೆ ಮನೆಗಳಲ್ಲಿ ಅದು ಸಕ್ಕರೆಯ ಮುದ್ದೆಯಾಗಿ ಗಂಗಾಳದಲ್ಲಿ ಕೂತಿರುತ್ತದೆ. ಮೂಸ್‌ನ ಹಗುರತನ ಅದಕ್ಕಿಲ್ಲ. ಎರಡು ಸೌಟಿಗೆ ಹೊಟ್ಟೆ ಭಾರ. ಮೇಲಾಗಿ ಏಲಕ್ಕಿಯ ದರ್ಬಾರು. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಾದರೂ ಹಾವೇರಿ ಹೆಸರು ಮಾಡಿದ್ದು ಏಲಕ್ಕಿ ಹಾರಕ್ಕೆ. ಆ ಅಭಿಮಾನಕ್ಕೋ ಏನೋ, ಇಲ್ಲಿ ಯಾವ ಸಿಹಿಗೂ ಏಲಕ್ಕಿಯ ಕೈ ತುಸು ಧಾರಾಳ. ನಿಂಬೆಸಿಪ್ಪೆಯ ಪಕ್ಕ ಏಲಕ್ಕಿ ಬಂತೆಂದರೆ ಗೆಲ್ಲುವುದು ಏಲಕ್ಕಿಯೇ.

ಆದ್ದರಿಂದ ಈ ಬಿಸಿಲಿಗೆ ಒಪ್ಪುವುದು ಮೂಸ್, ಶ್ರೀಖಂಡ ಎರಡರ ಕೂಡಿಕೆ. ಎಮ್ಮೆ ಹಾಲಿನ ಗಟ್ಟಿ ಮೊಸರನ್ನು ತೆಳು ಅರಿವೆಯಲ್ಲಿ ಕಟ್ಟಿ, ಜಾಲರಿಯ ಮೇಲಿಟ್ಟು, ಫ್ರಿಜ್ಜಿನೊಳಗೇ ರಾತ್ರಿಯಿಡೀ ಬಸಿಯಬೇಕು. ಮಾರ್ಚ್ ಸೆಕೆಯಲ್ಲಿ ಗೂಟಕ್ಕೆ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಅತಿಹುಳಿ. ಅರ್ಧ ಕಿಲೋ ಚಕ್ಕಾಕ್ಕೆ 150 ಗ್ರಾಂ ಸಕ್ಕರೆ, ನಾಲ್ಕು ನಿಂಬೆಯ ಸಿಪ್ಪೆತುರಿ. ರಸ ಎರಡರದು ಸಾಕು, ಮೊಸರಿನ ಹುಳಿ ಹೇಗೂ ಇದೆ. ಜರಡಿಯಲ್ಲಿ ಒತ್ತಿ ನಯ ಮಾಡಿದ ಮೇಲೆ, ನೂರಕ್ಕೆ 35ರಷ್ಟು ಕೊಬ್ಬಿರುವ ಹಾಲಿನ ಕ್ರೀಮು 200 ಮಿಲಿಲೀಟರನ್ನು ಐಸಿನ ಮೇಲಿಟ್ಟ ಪಾತ್ರೆಯಲ್ಲಿ ಕಡೆದು ಕೈ ಹಗುರಾಗಿಟ್ಟು ಬೆರೆಸಿದರೆ ಹದ ಸಿಗುತ್ತದೆ. ಅಂಥ ಕ್ರೀಮಿಗೆ ಹಾವೇರಿಗೋ ಹುಬ್ಬಳ್ಳಿಗೋ ಹೇಳಿ ತರಿಸಬೇಕಾದೀತು; ಸಿಗದಿದ್ದರೆ ಬೇಕರಿಯ ಕ್ರೀಮಿಗೆ ಕೈಚಾಚುವುದಕ್ಕಿಂತ ಬರೀ ಚಕ್ಕಾವನ್ನೇ ಚೆನ್ನಾಗಿ ನೊರೆ ಬರುವಂತೆ ಕಡೆಯುವುದು ಮೇಲು. ಏಲಕ್ಕಿ ಈ ಒಂದು ದಿನ ಡಬ್ಬಿಯಲ್ಲೇ ಇರಲಿ.

ಬಡಿಸುವ ಬಗೆಯಲ್ಲೂ ವಿಡಿಯೊಗಳ ಮಾತು ಕೇಳಬೇಕಿಲ್ಲ. ಉದ್ದ ಕಾಲಿನ ಗಾಜಿನ ಗ್ಲಾಸು, ಮೇಲೊಂದು ಪುದೀನ ಎಲೆ, ಪಕ್ಕಕ್ಕೆ ಸಿಗಿಸಿದ ನಿಂಬೆಯ ಬಿಲ್ಲೆ, ಇವೆಲ್ಲ ಕ್ಯಾಮೆರಾದ ಅಗತ್ಯಗಳು. ನಲವತ್ತು ಜನರ ಮನೆಗೆ ಸಣ್ಣ ಸ್ಟೀಲ್ ವಾಟಗಗಳೇ ಅನುಕೂಲ. ಗಾಜಿಗಿಂತ ಬೇಗ ತಣ್ಣಗಾಗುತ್ತವೆ, ಒಂದರ ಮೇಲೊಂದು ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿ ಪೇರಿಸಿಡಬಹುದು. ಕಲಾಯಿ ಹೋದ ಹಿತ್ತಾಳೆಗೆ ಹುಳಿ ತಾಗದಂತೆ ನೋಡಿಕೊಂಡರಾಯಿತು. ಬೇವುಬೆಲ್ಲ, ಹೋಳಿಗೆ ಮುಗಿದು ಹಿರಿಯರು ಒಂದು ನಿದ್ದೆ ತೆಗೆದು ಎದ್ದ ಮೇಲೆ, ನಾಲ್ಕರ ಚಹಾಕ್ಕೂ ಮುಂಚೆ ತಲೆಗೆ ಮೂರು ಚಮಚದಷ್ಟು ಕೊಟ್ಟರೆ ನಿಂಬೆ ತನ್ನ ಕೆಲಸ ಮಾಡುತ್ತದೆ. ಊಟದ ಪಂಕ್ತಿಯಲ್ಲೇ ಹೋಳಿಗೆ, ತುಪ್ಪದ ಪಕ್ಕ ಇಟ್ಟರೆ ಅದನ್ನು ಮೊಸರೆಂದು ತಿಳಿದು ಅನ್ನಕ್ಕೆ ಕಲಸಿಕೊಳ್ಳುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.